ಸ್ಕೋರ್‌ಶೀಟಿನಲ್ಲಿ ಕಾಣದ ಆಟ: ಕಾಲೇಜು ಕಬಡ್ಡಿ ಡಿಫೆಂಡರ್‌ಗೆ 15 ಯಶಸ್ಸಿನ ಸೂತ್ರಗಳು

2019ರ ಜನವರಿ 5ರಂದು ನಡೆದ ಪ್ರೊ ಕಬಡ್ಡಿ ಆರನೇ ಆವೃತ್ತಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ 38, ಗುಜರಾತ್ 33. ಆ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು ಎಂಬುದು ಬಳ್ಳಾರಿಯ ಕಾಲೇಜು ಹುಡುಗರಿಗೆ ಬಾಯಿಪಾಠ. ಉಳಿದ 16 ಅಂಕ ಎಲ್ಲಿಂದ ಬಂತು, ಎದುರಾಳಿಯನ್ನು 33ಕ್ಕೆ ಕಟ್ಟಿಹಾಕಿದವರು ಯಾರು ಎಂದು ಕೇಳಿ ನೋಡಿ. ತಲೆ ಕೆರೆದುಕೊಳ್ಳುತ್ತಾರೆ.

ಕಾರ್ನರ್, ಕವರ್‌ಗಳಲ್ಲಿ ನಿಲ್ಲುವವರ ಹಣೆಬರಹವೇ ಇದು. ಊರ ಜಾತ್ರೆಯ ಪಂದ್ಯವಿರಲಿ, ಅಂತರ ಕಾಲೇಜು ಪಂದ್ಯವಿರಲಿ, ಶಿಳ್ಳೆಯೆಲ್ಲ ರೈಡರ್‌ಗೆ. ಡಿಫೆಂಡರ್ ನೆನಪಾಗುವುದು ಅವನ ಕೈಯಿಂದ ರೈಡರ್ ಜಾರಿಹೋದಾಗ. ಸಿರುಗುಪ್ಪದ ಗದ್ದೆಯ ಒಡ್ಡಿನ ಪಾಡೂ ಅದೇ ತಾನೆ? ನೀರು ನಿಂತಿರುವವರೆಗೂ ಅದನ್ನು ಯಾರೂ ಹೊಗಳುವುದಿಲ್ಲ, ಒಡೆದ ದಿನ ಊರೆಲ್ಲ ಬೈಯುತ್ತದೆ.

ಆದರೆ ಆಟ ಬಲ್ಲವರ ಲೆಕ್ಕ ಬೇರೆ. 2018ರ ಹರಾಜಿನಲ್ಲಿ ಪ್ರೊ ಕಬಡ್ಡಿಯ ಮೊದಲ ಕೋಟಿ ರೂಪಾಯಿ ಆಟಗಾರನಾದದ್ದು ರೈಡರ್ ಅಲ್ಲ, ಇರಾನಿನ ಡಿಫೆಂಡರ್ ಫಜಲ್ ಅತ್ರಾಚಲಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಾಲೇಜುಗಳಲ್ಲಿ ಈಗ ಮೊಣಕಾಲಿಗೆ ಕ್ಯಾಪ್ ಹಾಕಿಕೊಂಡು ಕಾರ್ನರ್‌ನಲ್ಲಿ ನಿಲ್ಲುವ ಹುಡುಗ ಹುಡುಗಿಯರಿಗೆ ಈ ಸೂತ್ರಗಳು. ಕಣ್ಣಿಗೆ ಕಾಣದ ಕೆಲಸವನ್ನು ನೀವೇ ಲೆಕ್ಕ ಇಡಿ, ನೀವೇ ದಾಖಲೆ ಮಾಡಿ. ಡಿಫೆಂಡರ್‌ನ ಬದುಕು ಕಟ್ಟಿಕೊಳ್ಳುವ ದಾರಿ ಅದೊಂದೇ.

1. ನಿಮ್ಮ ಜಾಗ ಯಾವುದೆಂದು ಮೊದಲ ವರ್ಷವೇ ತೀರ್ಮಾನಿಸಿ

ಪುರುಷರ ಅಂಕಣ ಉದ್ದಕ್ಕೆ 13 ಮೀಟರ್, ಅಗಲಕ್ಕೆ 10. ಎರಡೂ ಬದಿಯ ಒಂದೊಂದು ಮೀಟರ್ ಲಾಬಿ ಕಳೆದರೆ ಉಳಿಯುವುದು 8. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಗೆರೆ, ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ಬೋನಸ್ ಗೆರೆಯ ಹಿಂದೆ ನಿಮಗೆ ಸಿಗುವುದು 1.75 ಮೀಟರ್ ಮಾತ್ರ. ಈ ಇಕ್ಕಟ್ಟಿನಲ್ಲಿ ಏಳು ಜನ ನಿಲ್ಲಬೇಕು.

ಕಾಲು ಚುರುಕು, ಸೊಂಟ ತಗ್ಗಿಸಿ ಎಷ್ಟು ಹೊತ್ತು ಬೇಕಾದರೂ ಕೂರಬಲ್ಲಿರಾದರೆ ಕಾರ್ನರ್ ನಿಮ್ಮದು. ಭುಜ ಗಟ್ಟಿ, ಓಡಿಬಂದು ಎದೆಗೆ ಎದೆ ಕೊಡಬಲ್ಲಿರಾದರೆ ಕವರ್. ಎಲ್ಲ ಜಾಗದಲ್ಲೂ ಆಡುತ್ತೇನೆ ಅನ್ನುವವನನ್ನು ಕೋಚ್ ಯಾವ ಜಾಗಕ್ಕೂ ಬರೆದುಕೊಳ್ಳುವುದಿಲ್ಲ. ಆಯ್ಕೆ ಶಿಬಿರದಲ್ಲಿ ಕೇಳಿದರೆ "ಎಡ ಕಾರ್ನರ್, ಸರ್" ಎಂದು ಒಂದೇ ಮಾತಿನಲ್ಲಿ ಹೇಳುವಂತಿರಬೇಕು.

2. ಹಿಡಿಯುವುದಕ್ಕಿಂತ ಮೊದಲು ಕಾಯುವುದು ಕಲಿಯಿರಿ

ಕಾಲೇಜು ಮಟ್ಟದ ಡಿಫೆಂಡರ್‌ಗಳು ಕೆಡುವುದು ಆತುರದಿಂದ. ರೈಡರ್ ಬಂದ ಎರಡು ಸೆಕೆಂಡಿಗೆ ಮೈಮೇಲೆ ಬೀಳುತ್ತಾರೆ. ಅವನಿಗೆ ಬೇಕಾದದ್ದೂ ಅದೇ.

ಲೆಕ್ಕ ಹಾಕಿ. ರೈಡಿಗೆ ಇರುವುದು 30 ಸೆಕೆಂಡ್. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ; ಅದರಲ್ಲಿ ಅಂಕ ತರದಿದ್ದರೆ ರೈಡರ್ ಔಟ್, ಅಂಕ ನಿಮ್ಮ ತಂಡಕ್ಕೆ. ಅಂದರೆ ಎರಡು ಸಲ ಯಾರನ್ನೂ ಮುಟ್ಟಿಸಿಕೊಳ್ಳದೆ, ಬೋನಸ್ ಕೊಡದೆ, ಸಾಲು ಮುರಿಯದೆ ನಿಂತರೆ ಮೂರನೇ ಸಲ ರೈಡರ್ ತಾನಾಗಿಯೇ ಒಳಕ್ಕೆ ಬರಲೇಬೇಕು. ಗಡಿಯಾರ ಅವನ ಬೆನ್ನು ಹತ್ತಿರುತ್ತದೆ. ಹಿಡಿಯಲು ಅದು ಹದವಾದ ಹೊತ್ತು.

ಆ ಎರಡು ಖಾಲಿ ರೈಡ್‌ಗಳಿಗೆ ಸ್ಕೋರ್‌ಶೀಟಿನಲ್ಲಿ ನಿಮ್ಮ ಹೆಸರಿನ ಮುಂದೆ ಏನೂ ಬರೆಯುವುದಿಲ್ಲ. ನೀವು ಬರೆದುಕೊಳ್ಳಿ. ಎರಡು ರೂಲಿನ ನೋಟ್‌ಬುಕ್ ಸಾಕು: ಪಂದ್ಯ, ಎದುರಾಳಿ, ನಿಮ್ಮ ಕಡೆಯಿಂದ ಖಾಲಿ ಹೋದ ರೈಡ್, ಯಶಸ್ವಿ ಟ್ಯಾಕಲ್, ತಪ್ಪಿದ ಟ್ಯಾಕಲ್, ತಪ್ಪಿದ್ದೇಕೆ. ಒಂದು ಸೀಸನ್ ಬರೆದರೆ ನಿಮ್ಮ ಆಟ ನಿಮಗೇ ಕಾಣುತ್ತದೆ. ಕೋಚ್‌ಗೆ ತೋರಿಸಲೂ ಕೈಯಲ್ಲಿ ಏನಾದರೂ ಇರುತ್ತದೆ.

3. ಒಂದೇ ಹಿಡಿತದಲ್ಲಿ ಪಳಗಿ

ಆಂಕಲ್ ಹೋಲ್ಡ್, ತೈ ಹೋಲ್ಡ್, ಬ್ಯಾಕ್ ಹೋಲ್ಡ್, ಬ್ಲಾಕ್, ಡ್ಯಾಶ್. ಹೆಸರು ಎಲ್ಲರಿಗೂ ಗೊತ್ತು. ಪಂದ್ಯದ ಬಿಸಿಯಲ್ಲಿ ಕೈಗೆ ಬರುವುದು ಒಂದೋ ಎರಡೋ. ಹಾಗಾಗಿ ಒಂದನ್ನು ಆರಿಸಿ, ಅದನ್ನು ಅರೆದು ಕುಡಿಯಿರಿ.

ಕಾರ್ನರ್‌ನ ಆಂಕಲ್ ಹೋಲ್ಡನ್ನೇ ನೋಡಿ. ರೈಡರ್ ಬೋನಸ್ ಗೆರೆ ದಾಟಲು ಕಾಲು ಚಾಚುತ್ತಾನೆ. ನಿಯಮದ ಪ್ರಕಾರ ಆಗ ಅವನ ಹಿಂಗಾಲು ಗಾಳಿಯಲ್ಲಿರಬೇಕು. ಅಂದರೆ ಆ ಒಂದು ಗಳಿಗೆ ಇಡೀ ಮೈಭಾರ ಚಾಚಿದ ಪಾದದ ಮೇಲೆ. ಆ ಗಳಿಗೆ ನಿಮ್ಮದು. ಭಾರ ಬೀಳುವ ಮುಂಚೆ ಕೈ ಹಾಕಿದಿರೋ, ಕಾಲು ಹಿಂದಕ್ಕೆ ಹೋಗುತ್ತದೆ, ಬೆರಳ ತುದಿ ತಾಗಿಸಿಕೊಂಡು ನೀವೇ ಔಟ್. ಭಾರ ಬಿದ್ದ ಮೇಲೆ ತಡಮಾಡಿದಿರೋ, ಅವನು ತಿರುಗಿ ಓಟ ಕಿತ್ತಿರುತ್ತಾನೆ.

ಇಳಿಯುವಾಗ ತಲೆ ಅವನ ಮೊಣಕಾಲಿಗೆ ನೇರವಾಗಿ ಬೇಡ, ಹೊರಗಡೆ ಇರಲಿ. ಎರಡೂ ಅಂಗೈ ಹಿಮ್ಮಡಿಯ ಮೇಲಿನ ನರದ ಹಿಂದೆ ಕೂಡಬೇಕು. ಭುಜ ಅವನ ಮೊಣಕಾಲಿನ ಕೆಳಗೆ ಒತ್ತಬೇಕು. ಕಾಲನ್ನು ನಿಮ್ಮ ಎದೆಗೆ ಎಳೆದುಕೊಂಡು ಎಂಡ್ ಲೈನ್ ಕಡೆಗೆ ಹೊರಳಿ. ಹೊಟ್ಟೆ ನೆಲಕ್ಕೆ ಬಿದ್ದ ಮೇಲೂ ಕೈ ಸಡಿಲಬಾರದು, ಯಾಕೆಂದರೆ ರೈಡರ್‌ನ ಬೆರಳು ನಡುಗೆರೆ ಮುಟ್ಟಿದರೆ ನಿಮ್ಮ ಜೊತೆ ಅವನನ್ನು ಮುಟ್ಟಿದವರೆಲ್ಲ ಹೊರಗೆ. ಗೆಳೆಯನೊಬ್ಬನನ್ನು ಎದುರಿಗೆ ನಿಲ್ಲಿಸಿ, ಮೊದಲು ನಿಧಾನಕ್ಕೆ, ಆಮೇಲೆ ವೇಗವಾಗಿ, ದಿನವೂ ಮಾಡಿ. ಬೇಸರ ಬರುವಷ್ಟು ಮಾಡಿದ ಮೇಲೇ ಅದು ಕೈಗೆ ಹತ್ತುವುದು.

4. ಚೈನ್ ಬಿಡಬೇಡಿ

ಅಮೆರಿಕದ ಕಾಲೇಜುಗಳಲ್ಲಿ ಆಡುವ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಕೈಯಲ್ಲಿ ಚೆಂಡು ಹಿಡಿದು ಮೈಗೆ ಮೈ ಕೊಟ್ಟು ನುಗ್ಗುವ ಆಟ. ಅಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಪೆಟ್ಟು ಬೀಳದಂತೆ ಐವರು ಅಡ್ಡ ನಿಲ್ಲುತ್ತಾರೆ. ಅವರನ್ನು ಆಫೆನ್ಸಿವ್ ಲೈನ್‌ಮನ್ ಅನ್ನುತ್ತಾರೆ. ಅಂಕ ಗಳಿಸುವುದು ಅವರ ಕೆಲಸವಲ್ಲ, ಚೆಂಡು ಮುಟ್ಟುವುದೂ ಕಡಿಮೆ, ಟಿವಿ ಕ್ಯಾಮೆರಾ ಅವರತ್ತ ತಿರುಗುವುದೂ ಅಪರೂಪ. ಆದರೆ 2015ರಿಂದ ಅಲ್ಲಿ ಜೋ ಮೂರ್ ಪ್ರಶಸ್ತಿ ಎಂಬುದೊಂದಿದೆ. ದೇಶದ ಅತ್ಯುತ್ತಮ ಸಾಲಿಗೆ ಕೊಡುವ ಆ ಪ್ರಶಸ್ತಿ ಸೇರುವುದು ಒಬ್ಬ ಆಟಗಾರನಿಗಲ್ಲ, ಇಡೀ ಸಾಲಿಗೆ.

ನಮ್ಮ ಡಿಫೆನ್ಸಿಗೂ ಇದೇ ಮಾತು. ಕಾರ್ನರ್ ಕಾಲು ಹಿಡಿದ ಮೇಲೆ ಕವರ್ ಬರಲು ಅರ್ಧ ಸೆಕೆಂಡ್ ತಡವಾದರೆ ಆ ಹಿಡಿತಕ್ಕೆ ಬೆಲೆಯಿಲ್ಲ. ಟ್ಯಾಕಲ್ ಅಂಕ ಕಾರ್ನರ್ ಹೆಸರಿಗೆ ಹೋಗಬಹುದು, ರೈಡರ್‌ನನ್ನು ನಡುಗೆರೆಯಿಂದ ದೂರ ದಬ್ಬಿದ್ದು ಕವರ್. ಕೈ ಕೈ ಹಿಡಿದು ನಿಲ್ಲುವ ಚೈನ್‌ನಲ್ಲಿ ಒಬ್ಬ ಹೆಜ್ಜೆ ಮುಂದಿಟ್ಟರೆ ಇನ್ನೊಬ್ಬ ಎಷ್ಟು ಹಿಂದಿರಬೇಕೆಂಬುದು ಅಭ್ಯಾಸದಿಂದ ಮಾತ್ರ ಬರುತ್ತದೆ. ನಿಮ್ಮ ಜೋಡಿಯನ್ನು ಬದಲಿಸದೆ ಆಡಲು ಬಿಡಿ ಎಂದು ಪಿ.ಡಿ. ಸರ್‌ಗೆ ಕೇಳಿಕೊಳ್ಳಿ. ಜೋಡಿ ಕುದುರಲು ಒಂದು ಇಡೀ ಸೀಸನ್ ಬೇಕು.

5. ಕೂಗು ಒಂದೇ ಇರಲಿ

ಬಳ್ಳಾರಿ ತಂಡವೆಂದರೆ ಮೂರು ಭಾಷೆ. ಒಬ್ಬ ತೆಲುಗಿನಲ್ಲಿ ಕೂಗುತ್ತಾನೆ, ಇನ್ನೊಬ್ಬ ಉರ್ದುವಿನಲ್ಲಿ, ಮತ್ತೊಬ್ಬ "ಬಿಡಬ್ಯಾಡಲೇ, ಹಿಡಿ!" ಅನ್ನುತ್ತಾನೆ. ಊಟಕ್ಕೆ ಕೂತಾಗ ಇದು ಚೆಂದ, ಅಂಕಣದಲ್ಲಿ ಅಪಾಯ. ಐದೇ ಐದು ಸಂಕೇತ ಗೊತ್ತುಮಾಡಿಕೊಳ್ಳಿ: ಬೋನಸ್ ನೋಡಿಕೋ, ಹಿಂದೆ ಸರಿ, ಡು ಆರ್ ಡೈ, ಈಗ ಹೋಗು, ಯಾರೂ ಹೋಗಬೇಡಿ. ಒಂದೊಂದಕ್ಕೂ ಒಂದೇ ಪದ, ಎರಡಕ್ಷರದ್ದಾದರೆ ಒಳ್ಳೆಯದು. ಎದುರಾಳಿಗೆ ತಿಳಿಯದಂತಿರಬೇಕು, ನಿಮ್ಮವರಿಗೆ ನಿದ್ದೆಯಲ್ಲೂ ತಿಳಿಯಬೇಕು. ಕೂಗುವವನು ಒಬ್ಬನೇ ಇರಲಿ.

6. ಮೂವರೇ ಉಳಿದಾಗ ಹೆದರಬೇಡಿ

ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಮೇಲಾಗಿ ಆಲ್ ಔಟ್ ಮುಂದಕ್ಕೆ ಹೋಗುತ್ತದೆ. ಆಲ್ ಔಟ್ ಆಗಿದ್ದರೆ ಎದುರಾಳಿಗೆ ಎರಡು ಅಂಕ ಹೆಚ್ಚುವರಿ ಸಿಗುತ್ತಿತ್ತು. ಆರಕ್ಕಿಂತ ಕಡಿಮೆ ಜನ ಇರುವಾಗ ಬೋನಸ್ ಅಂಕವೂ ಇಲ್ಲ, ಹಾಗಾಗಿ ರೈಡರ್ ಮೈಗೇ ಬರಬೇಕು. ಈ ಲೆಕ್ಕ ತಲೆಯಲ್ಲಿರುವ ಡಿಫೆಂಡರ್‌ಗೆ ಮೂವರಿರುವ ಹೊತ್ತು ಸೋಲಿನ ಹೊತ್ತಲ್ಲ. ವಾರಕ್ಕೊಮ್ಮೆ ಅಭ್ಯಾಸದಲ್ಲಿ ಮೂವರನ್ನಷ್ಟೇ ನಿಲ್ಲಿಸಿ, ನಿಮ್ಮ ಅತ್ಯುತ್ತಮ ರೈಡರ್‌ನನ್ನು ಬಿಟ್ಟು ಆಡಿ.

ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮಹಿಳಾ ಫೈನಲ್‌ನಲ್ಲಿ, 2023ರ ಅಕ್ಟೋಬರ್‌ನಲ್ಲಿ, ಭಾರತ ಚೀನಾ ತೈಪೆ ವಿರುದ್ಧ ಗೆದ್ದದ್ದು 26–25ರಿಂದ. ಒಂದೇ ಒಂದು ಅಂಕ. ಅಂಥ ಪಂದ್ಯದಲ್ಲಿ ಒಂದು ಸೂಪರ್ ಟ್ಯಾಕಲ್ ಎಂದರೆ ಪದಕದ ಬಣ್ಣವೇ ಬದಲು.

7. ನಿಯಮ ಓದಿ, ರೆಫರಿ ಜೊತೆ ವಾದ ಬಿಡಿ

ಕೂದಲು, ಬಟ್ಟೆ ಹಿಡಿಯುವಂತಿಲ್ಲ. ಬಾಯಿ ಮುಚ್ಚಿ ಉಸಿರು ಕಟ್ಟಿಸುವಂತಿಲ್ಲ. ಕಾಲಿನಿಂದ ಕತ್ತರಿ ಹಾಕುವಂತಿಲ್ಲ. ಸ್ಪರ್ಶ ಆಗುವ ಮುಂಚೆ ಲಾಬಿಗೆ ಕಾಲಿಟ್ಟರೆ ಔಟ್. ಹಸಿರು ಕಾರ್ಡ್ ಎಚ್ಚರಿಕೆ, ಹಳದಿಗೆ ಎರಡು ನಿಮಿಷ ಹೊರಗೆ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ಡಿಫೆಂಡರ್ ಎರಡು ನಿಮಿಷ ಹೊರಗಿದ್ದರೆ ಸಾಲಿನಲ್ಲಿ ಬಾಗಿಲೇ ತೆರೆದ ಹಾಗೆ. ಸಿಟ್ಟು ಬಂದರೆ ನೀರು ಕುಡಿಯಿರಿ. ಮಾತು ನಾಯಕನಿಗೆ ಬಿಡಿ.

8. ಮಣ್ಣಿನಲ್ಲಿ ಬೆಳೆಯಿರಿ, ಮ್ಯಾಟಿನಲ್ಲಿ ಪಳಗಿ

ನಮ್ಮ ಭಾಗದ ಹುಡುಗರು ಕಬಡ್ಡಿ ಕಲಿಯುವುದು ಎರೆಮಣ್ಣು, ಮಸಾರಿಯ ನೆಲದಲ್ಲಿ, ಬರಿಗಾಲಲ್ಲಿ. ದೊಡ್ಡ ಪಂದ್ಯಗಳೆಲ್ಲ ಮ್ಯಾಟಿನ ಮೇಲೆ, ಶೂ ಹಾಕಿಕೊಂಡು. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರುತ್ತದೆ, ಮ್ಯಾಟ್ ಅದನ್ನು ಹಿಡಿದಿಡುತ್ತದೆ. ಮಣ್ಣಿನ ಅಭ್ಯಾಸದಲ್ಲೇ ಮ್ಯಾಟಿನ ಮೇಲೆ ತಿರುಗಲು ಹೋದರೆ ಪಾದ ನಿಂತಲ್ಲೇ ನಿಂತು ಮೊಣಕಾಲು ತಿರುಚುತ್ತದೆ. ಪಂದ್ಯದ ದಿನ ಮೊದಲ ಸಲ ಶೂ ಹಾಕಬೇಡಿ. ಮ್ಯಾಟ್ ಇರುವ ಕಾಲೇಜಿಗೆ ಪಂದ್ಯಕ್ಕೆ ಮುಂಚೆ ಕೆಲವು ದಿನವಾದರೂ ಹೋಗಿ ಆಡಿ ಬನ್ನಿ. ತಂಡವಾಗಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ.

9. ತಕ್ಕಡಿಗೆ ಹೆದರದ ಮೈ ಕಟ್ಟಿ

ಹಿರಿಯರ ವಿಭಾಗದಲ್ಲಿ ಪುರುಷರಿಗೆ 85 ಕೆಜಿ, ಮಹಿಳೆಯರಿಗೆ 75 ಕೆಜಿ ಮಿತಿ. ಪಂದ್ಯದ ಹಿಂದಿನ ದಿನ ಉಪವಾಸ ಬಿದ್ದು, ಸ್ವೆಟರ್ ಹಾಕಿಕೊಂಡು ಓಡಿ ತೂಕ ಇಳಿಸಿದವನು ಮರುದಿನ ದ್ವಿತೀಯಾರ್ಧದಲ್ಲಿ ಕೈಚೆಲ್ಲುತ್ತಾನೆ. ಮಿತಿಗಿಂತ ಎರಡು ಕೆಜಿ ಕೆಳಗೇ ವರ್ಷವಿಡೀ ಇರಿ.

ಇದಕ್ಕೆ ಡಬ್ಬದ ಪುಡಿ ಬೇಕಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಮೊಟ್ಟೆ. ಮನೆಯಲ್ಲೇ ಇವೆ. ಮೆಸ್ಸಿನಲ್ಲಿರುವವರು ಅನ್ನ ಅರ್ಧ ಕಡಿಮೆ ಮಾಡಿ, ಬೇಳೆ ಎರಡು ಸೌಟು ಜಾಸ್ತಿ ಹಾಕಿಸಿಕೊಳ್ಳಿ. ಸಂಜೆ ಅಭ್ಯಾಸ ಮುಗಿಸಿ ಒಗ್ಗರಣೆ ಮಿರ್ಚಿ ತಿನ್ನುವುದು ಬಳ್ಳಾರಿಯವರ ಜನ್ಮಸಿದ್ಧ ಹಕ್ಕು, ಒಪ್ಪಿದೆ, ವಾರಕ್ಕೊಮ್ಮೆ ಸಾಕು.

10. ಬಿಸಿಲಿಗೆ ಸವಾಲು ಹಾಕಬೇಡಿ

ಏಪ್ರಿಲ್, ಮೇ ತಿಂಗಳ ಬಳ್ಳಾರಿಯಲ್ಲಿ ಪಾರಾ 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಬೆಳಿಗ್ಗೆ ಏಳೂವರೆಯೊಳಗೆ ಅಭ್ಯಾಸ ಮುಗಿಸಿ, ಇಲ್ಲವೇ ಸಂಜೆ ಐದರ ಮೇಲೆ ಶುರುಮಾಡಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಟೀ ಚಮಚದ ಅಳತೆಯಲ್ಲಿ, ಮಟ್ಟಸವಾಗಿ. ಮನೆಯಲ್ಲೇ ಓಆರ್‌ಎಸ್ ತಯಾರು. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದಾಗಿದೆ ಎಂದರ್ಥ. ತಲೆಸುತ್ತು, ವಾಂತಿ, ಮಾತು ತೊದಲಿಕೆ ಬಂದರೆ ಆಟ ನಿಲ್ಲಿಸಿ, ನೆರಳಿಗೆ ಹೋಗಿ, ಮೈಗೆ ನೀರು ಸುರಿದು ಆಸ್ಪತ್ರೆಗೆ ಓಡಿ. ಅದು ಗಟ್ಟಿತನ ತೋರಿಸುವ ಹೊತ್ತಲ್ಲ.

11. ಮೊಣಕಾಲು ಹೋದರೆ ಎಲ್ಲ ಹೋದಂತೆ

ಡಿಫೆಂಡರ್‌ನ ಬೆರಳು ಸೊಟ್ಟಗಾಗುವುದು ಮಾಮೂಲು; ಎರಡು ಬೆರಳು ಸೇರಿಸಿ ಟೇಪ್ ಸುತ್ತಿ ಆಡುತ್ತಾರೆ. ಮೊಣಕಾಲು ಹಾಗಲ್ಲ. ಒಳಗಿನ ಎಸಿಎಲ್ ಹರಿದು ಶಸ್ತ್ರಚಿಕಿತ್ಸೆಯಾದರೆ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಕಾಲೇಜು ಆಟಗಾರನಿಗೆ ಅದು ಒಂದು ಇಡೀ ವರ್ಷ.

ತೊಡೆಯ ಹಿಂಭಾಗದ, ಸೊಂಟದ ವ್ಯಾಯಾಮ ಬಿಡಬೇಡಿ. ಒಂದೇ ಕಾಲಿನ ಮೇಲೆ ಬೈಠಕ್ ಮಾಡಿ. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗದಂತೆ ಅಭ್ಯಾಸ ಮಾಡಿ. ಮೊಣಕಾಲಿನಲ್ಲಿ "ಟಕ್" ಎಂದು ಸದ್ದಾಗಿ ಊದಿಕೊಂಡರೆ ಎಣ್ಣೆ ಹಚ್ಚಿ ನೀವುವವರ ಬಳಿ ಹೋಗಬೇಡಿ. ಊರು ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಎಲುಬು ಕೀಲು ವಿಭಾಗಕ್ಕೆ ನೇರವಾಗಿ ಹೋಗಿ.

ಜಿಮ್ಮಿನಲ್ಲಿ ಯಾರೋ ಕೊಡುವ ಇಂಜೆಕ್ಷನ್, ಹೆಸರಿಲ್ಲದ ಮಾತ್ರೆ ಮುಟ್ಟಲೇಬೇಡಿ. ಗೊತ್ತಿದ್ದೂ ನಿಷೇಧಿತ ಔಷಧ ತೆಗೆದುಕೊಂಡು ಸಿಕ್ಕಿಬಿದ್ದರೆ ನಾಲ್ಕು ವರ್ಷದವರೆಗೆ ನಿಷೇಧ. ಅಷ್ಟರಲ್ಲಿ ಕಾಲೇಜೇ ಮುಗಿದಿರುತ್ತದೆ.

12. ಕುಸ್ತಿಯಿಂದ ಕದಿಯಿರಿ

ಇರಾನ್ ಕುಸ್ತಿಯ ನಾಡು. ಅಲ್ಲಿನ ಕಬಡ್ಡಿ ಡಿಫೆಂಡರ್‌ಗಳು ಸೊಂಟ ಹಿಡಿಯುವ, ಮೈಭಾರ ತಿರುಗಿಸುವ ವಿದ್ಯೆಯನ್ನು ಅಂಕಣಕ್ಕೆ ತಂದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಅದೇ ಇರಾನ್ ಭಾರತವನ್ನು 27–18ರಿಂದ ಸೋಲಿಸಿತು. 1990ರಿಂದ ಪುರುಷರ ಚಿನ್ನ ಬಿಡದ ದೇಶಕ್ಕೆ ಅದೊಂದು ದೊಡ್ಡ ಪಾಠ.

ಗರಡಿ, ಭಾರದ ಗುಂಡು, ಜೋಳದ ಚೀಲ ಎತ್ತುವ ಪಂದ್ಯಗಳು ನಮ್ಮ ಭಾಗಕ್ಕೆ ಹೊಸವಲ್ಲ. ಕುರುಗೋಡಿನ ಬೆಟ್ಟದ ಬುಡದಲ್ಲಿ ಬೆಳೆದವರಿಗೆ ಕಲ್ಲಿನ ಭಾರ ಹೇಳಿಕೊಡಬೇಕಿಲ್ಲ. ಊರಿನ ಹಳೆಯ ಪೈಲ್ವಾನರ ಬಳಿ ವಾರಕ್ಕೊಮ್ಮೆ ಹೋಗಿ, ಮಣ್ಣಿನಲ್ಲಿ ಹಿಡಿತ ಕಲಿಯಿರಿ. ತೋರಣಗಲ್ಲಿನ ಬಳಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿ, ಜೂಡೊ, ಬಾಕ್ಸಿಂಗ್ ಪಟುಗಳು ತಯಾರಾಗುತ್ತಾರೆ. ಅವರು ದಿನದ ವೇಳೆ, ಊಟ, ವಿಶ್ರಾಂತಿಯನ್ನು ಹೇಗೆ ಲೆಕ್ಕವಿಟ್ಟು ನಡೆಸುತ್ತಾರೆಂದು ಕೇಳಿ ತಿಳಿದುಕೊಳ್ಳಿ.

13. ಬಸ್ಸು, ಹಾಜರಿ, ನಾಟಿ: ಮೂರನ್ನೂ ಮೊದಲೇ ಲೆಕ್ಕ ಹಾಕಿ

ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿ.ಮೀ.ಗೂ ಹೆಚ್ಚು, ಕುರುಗೋಡಿನಿಂದ ಅದರ ಅರ್ಧದಷ್ಟು. ಅಭ್ಯಾಸ ಆರೂವರೆಗೆ ಮುಗಿದರೆ ಬಟ್ಟೆ ಬದಲಿಸದೆ ಬಸ್ ನಿಲ್ದಾಣಕ್ಕೆ ಓಡುವವರು ತಂಡಕ್ಕೊಬ್ಬರಾದರೂ ಇರುತ್ತಾರೆ. ಬಸ್ಸು ತಪ್ಪುತ್ತದೆಂದು ಕೊನೆಯ ಅರ್ಧ ಗಂಟೆ ಬಿಟ್ಟು ಹೋಗುವವರಿಗೆ ತಪ್ಪಿಹೋಗುವುದು ಚೈನ್ ಅಭ್ಯಾಸವೇ. ಹಿಂದುಳಿದ ವರ್ಗಗಳ ಇಲಾಖೆಯದೋ ಸಮಾಜ ಕಲ್ಯಾಣ ಇಲಾಖೆಯದೋ ಹಾಸ್ಟೆಲ್‌ಗೆ ಪ್ರವೇಶ ಪಡೆದಿದ್ದರೆ ಈ ಗೋಳಿಲ್ಲ. ಅರ್ಜಿ ಕರೆದ ವಾರವೇ ಹಾಕಿ.

ತರಗತಿ ಹಾಜರಿ ಶೇ 75 ಇರಲೇಬೇಕು. ಪಂದ್ಯಕ್ಕೆ ಹೋದ ದಿನಗಳಿಗೆ ಹೋಗುವ ಮುಂಚೆಯೇ ಪಿ.ಡಿ. ಸರ್ ಸಹಿಯ ಪತ್ರ ಕೊಟ್ಟಿಡಿ, ಸೆಮಿಸ್ಟರ್ ಕೊನೆಗೆ ಕೈಮುಗಿಯುತ್ತ ನಿಲ್ಲಬೇಡಿ. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ಮನೆಯಲ್ಲಿ ಕೈಯಾಳು ಬೇಕೇ ಬೇಕು. "ಆಟ ಆಡಿದ್ರ ಹೊಟ್ಟಿ ತುಂಬ್ತೈತೇನಪ್ಪಾ?" ಎಂದು ಅಪ್ಪ ಕೇಳುವುದೂ ಆಗಲೇ. ಜಗಳ ಬೇಡ. ಪಂದ್ಯದ ತಾರೀಖು ಕೈಗೆ ಬಂದ ದಿನವೇ ಮನೆಯಲ್ಲಿ ಹೇಳಿ, ಗದ್ದೆಗೆ ಯಾವ ದಿನ ಬರುತ್ತೀರೆಂದು ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಸೂತ್ರ 14 ಓದಿ ಹೇಳಿದರೆ ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

14. ಮೆಟ್ಟಿಲು ಗೊತ್ತಿರಲಿ, ಕಾಗದ ಭದ್ರವಾಗಿರಲಿ

ಹುಡುಗರು ಬೆವರು ಸುರಿಸಿ ಗೆದ್ದು, ಕಾಗದದಲ್ಲಿ ಸೋಲುವುದು ಇಲ್ಲೇ. ಹಾಗಾಗಿ ನಿಧಾನಕ್ಕೆ ಓದಿ.

ಕಾಲೇಜಿನ ದಾರಿ ಹೀಗೆ: 2010ರಲ್ಲಿ ಬಳ್ಳಾರಿಯಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳು, ಅಲ್ಲಿ ಆಯ್ಕೆಯಾದರೆ ವಿಶ್ವವಿದ್ಯಾಲಯ ತಂಡ, ಆಮೇಲೆ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ, ಅದರಾಚೆ ಅಖಿಲ ಭಾರತ ಮಟ್ಟ ಮತ್ತು ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ಖೇಲೋ ಇಂಡಿಯಾದ ಈ ಕೂಟ 2020ರಲ್ಲಿ ಭುವನೇಶ್ವರದಲ್ಲಿ ಶುರುವಾಯಿತು; 2022ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಇನ್ನೊಂದು ದಾರಿ ದಸರಾ ಕ್ರೀಡಾಕೂಟದ್ದು: ತಾಲೂಕು, ಜಿಲ್ಲೆ, ವಿಭಾಗ, ಕೊನೆಗೆ ಮೈಸೂರು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿರುವುದು ಐದೇ ತಾಲೂಕು: ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು. ತಾಲೂಕು ತಂಡದ ಒಳ್ಳೆಯ ಕಾರ್ನರ್‌ಗೆ ಜಿಲ್ಲಾ ತಂಡ ದೂರವೇನಿಲ್ಲ.

ಇನ್ನು ಕಾಗದ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ್ದಕ್ಕೆ ಫಾರ್ಮ್ 3 ಕೇಳುತ್ತಾರೆ. ಅದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಸಹಿ ಬೇಕು. ರಾಜ್ಯವನ್ನು ಪ್ರತಿನಿಧಿಸಿ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದ್ದರೆ ಫಾರ್ಮ್ 2, ಅಂತರರಾಷ್ಟ್ರೀಯಕ್ಕೆ ಫಾರ್ಮ್ 1. ಬರೀ ಮೆಡಲ್, ಟ್ರೋಫಿ ಹಿಡಿದ ಫೋಟೊ ತೋರಿಸಿದರೆ ನಡೆಯುವುದಿಲ್ಲ. ಆಡಿದ ವರ್ಷವೇ ಸಹಿ ಮಾಡಿಸಿ. ನಾಲ್ಕು ವರ್ಷ ಬಿಟ್ಟು ಹೋದರೆ ಅಧಿಕಾರಿ ಬದಲಾಗಿರುತ್ತಾರೆ, ಕಡತ ಸಿಗುವುದಿಲ್ಲ.

ಪ್ರಮಾಣಪತ್ರದಲ್ಲಿರುವ ಹೆಸರು, ಇನಿಷಿಯಲ್, ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇರಬೇಕು. ಒಂದಕ್ಷರ ಬೇರೆಯಾದರೂ ದಾಖಲೆ ಪರಿಶೀಲನೆಯ ದಿನ ತಲೆನೋವು. ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಇಡಿ. ಮೂಲ ಪ್ರತಿ ಪ್ಲಾಸ್ಟಿಕ್ ಫೈಲಿನಲ್ಲಿರಲಿ.

ಬಳ್ಳಾರಿಯವರಿಗೆ ಇನ್ನೊಂದು ಅನುಕೂಲ ಉಂಟು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ರಾಜ್ಯದ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿ ಇದೆ. ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಿ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಮೀಸಲು ಹುದ್ದೆಗಳಿವೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆ ಕ್ರೀಡಾ ಕೋಟಾದಡಿ ಅರ್ಜಿ ಕರೆಯುತ್ತದೆ. 2012ರ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ, ಕಾರ್ಕಳ ಸೀಮೆಯ ಮಮತಾ ಪೂಜಾರಿ ಆಡುತ್ತಲೇ ದಕ್ಷಿಣ ಮಧ್ಯ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದವರು. ಹಿಂದೆ ವಿಜಯಾ ಬ್ಯಾಂಕ್‌ನಂಥ ಬ್ಯಾಂಕುಗಳೂ ಕಬಡ್ಡಿ ತಂಡ ಸಾಕಿದ್ದವು. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಒಂದೇ ಬಾಗಿಲಿಗೆ ಕಾಯುತ್ತ ಕೂರಬೇಡಿ. ಅರ್ಜಿ ಕರೆಯುವ ಪ್ರಕಟಣೆಗಳನ್ನು ಪ್ರತಿ ವಾರ ನೋಡಿ, ವಯೋಮಿತಿ ಮೀರುವ ಮುಂಚೆ ಹಾಕಿ.

15. ಆಡುತ್ತಿರುವಾಗಲೇ ಕಲಿಸಲು ಶುರುಮಾಡಿ

ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟಕ್ಕೆ 25 ವರ್ಷವೇ ಮಿತಿ. ಕಾಲೇಜು ಕಬಡ್ಡಿ ಅಲ್ಲಿಗೆ ಮುಗಿಯಿತು. ಪ್ರೊ ಕಬಡ್ಡಿಗೆ ಹೋಗುವವರು ಬೆರಳೆಣಿಕೆಯಷ್ಟು. ಉಳಿದವರ ಗತಿಯೇನು?

ಡಿಫೆಂಡರ್‌ಗೆ ಇಲ್ಲೊಂದು ಮೇಲುಗೈ ಇದೆ. ರೈಡರ್ ನೋಡುವುದು ತನ್ನ ರೈಡನ್ನು. ಡಿಫೆಂಡರ್ ಪಂದ್ಯದುದ್ದಕ್ಕೂ ಏಳು ಜನರ ಜಾಗ, ಎದುರಾಳಿಯ ಪಾದ, ಗಡಿಯಾರ, ಅಂಕ ಎಲ್ಲವನ್ನೂ ನೋಡುತ್ತಿರುತ್ತಾನೆ. ಕೋಚ್‌ಗೆ ಬೇಕಾದ ಕಣ್ಣೂ ಅದೇ. ಕರ್ನಾಟಕದ ಬಿ.ಸಿ. ರಮೇಶ್ 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಆಟ ಮುಗಿಸಿದ ಮೇಲೆ ತರಬೇತಿಗೆ ಇಳಿದ ಅವರು 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಕಿರೀಟ ತಂದುಕೊಟ್ಟರು.

ಪದವಿ ಮುಗಿದ ಕೂಡಲೆ ಎರಡು ವರ್ಷದ ಬಿ.ಪಿ.ಎಡ್., ಆಮೇಲೆ ಎಂ.ಪಿ.ಎಡ್. ಅದರಲ್ಲಿ ಶೇ 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಇದ್ದರೆ ಕಾಲೇಜು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಅರ್ಜಿ ಹಾಕಬಹುದು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತುದಾರರ ಡಿಪ್ಲೊಮಾ ಇನ್ನೊಂದು ದಾರಿ. ರೆಫರಿ ಪರೀಕ್ಷೆ ಬರೆದರೆ ವಾರಾಂತ್ಯದ ಪಂದ್ಯಗಳಿಂದ ಕೈಖರ್ಚಿಗೂ ಆಯಿತು, ನಿಯಮವೂ ಬಾಯಿಗೆ ಬಂತು.

ಇದಕ್ಕೆಲ್ಲ ಪದವಿ ಮುಗಿಯುವವರೆಗೆ ಕಾಯಬೇಕಿಲ್ಲ. ನಿಮ್ಮೂರಿನ ಹೈಸ್ಕೂಲಿನಲ್ಲಿ ಭಾನುವಾರ ಬೆಳಿಗ್ಗೆ ಎಂಟು ಮಕ್ಕಳನ್ನು ಸೇರಿಸಿ. ಸುಣ್ಣದಪುಡಿಯಲ್ಲಿ ಬೋನಸ್ ಗೆರೆ ಎಳೆಯಿರಿ. ರೈಡ್ ಕಲಿಸಿ ಎಂದು ಎಲ್ಲರೂ ಗಂಟುಬೀಳುತ್ತಾರೆ. ಮೊದಲ ತಿಂಗಳು ಚೈನ್ ಮಾತ್ರ ಕಲಿಸಿ, ಸೂತ್ರ 2ರ ನೋಟ್‌ಬುಕ್ಕಿನಲ್ಲಿ ಅವರ ಹೆಸರಿಗೂ ಒಂದೊಂದು ಪುಟ ತೆಗೆಯಿರಿ. ವರ್ಷದ ಕೊನೆಗೆ ಆ ಶಾಲೆಯ ತಂಡ ತಾಲೂಕು ಪಂದ್ಯಕ್ಕೆ ಹೋದರೆ, ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ಬರೆಸಿಕೊಳ್ಳಿ. ತರಬೇತುದಾರರಾಗಿ ನಿಮ್ಮ ಮೊದಲ ದಾಖಲೆ ಅದು. ಅದನ್ನೂ ಫೈಲಿಗೆ ಸೇರಿಸಿ.